ಶಾಸನದ ಸಾಕ್ಷಿಯೂ ಮಗುವಿನ ಪ್ರಶ್ನೆಯೂ

ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯ ಏರಿಯ ಮೇಲೆ ನಿಂತು ನನ್ನ ಮೊಮ್ಮಗನಿಗೆ ಬಾಲ್ಯದಲ್ಲಿ ನಾನು ಕೇಳಿದ್ದ ಕಥೆಯನ್ನು ಹೇಳಿದೆ. ರಾಮಾನುಜಾಚಾರ್ಯರು ಇಲ್ಲಿ ಸಾವಿರ ಜೈನರನ್ನು ವಾದದಲ್ಲಿ ಗೆದ್ದರೆಂದೂ, ವೈಷ್ಣವನಾದ ವಿಷ್ಣುವರ್ಧನನು ತನ್ನ ದಾರಿಗೆ ಬಾರದ ಜೈನರನ್ನು ಗಾಣಕ್ಕೆ ಹಾಕಿಸಿದನೆಂದೂ ಆ ಕಥೆ. ಹುಡುಗನು ಕೇಳಿದ: “ತಾತ, ಇದು ಯಾವ ಶಾಸನದಲ್ಲಿದೆ?” “ಹಿರಿಯರ ಮಾತನ್ನು ಪ್ರಶ್ನಿಸಬಾರದು” ಎಂದು ಗದರಿದೆ. ಮನೆ ಸೇರುವವರೆಗೂ ಅವನು ಮಾತನಾಡಲಿಲ್ಲ. ಅಂಗಡಿಯ ಲೆಕ್ಕದಲ್ಲಿ ರಸೀದಿಯಿಲ್ಲದ ಒಂದು ರೂಪಾಯಿಯನ್ನೂ ಒಪ್ಪದ ನಾನು, ಶತಮಾನಗಳ ಹಗೆಯ ಬಾಕಿಯನ್ನು ಸಾಕ್ಷಿಯಿಲ್ಲದೆ ಆ ಮಗುವಿನ ಖಾತೆಗೆ ಬರೆದಿದ್ದೆ.

ಶಾಸನಗಳು ಹೇಳುವುದೇ ಬೇರೆ. ವಿಷ್ಣುವರ್ಧನನ ಮಹಾದಂಡನಾಯಕ ಗಂಗರಾಜನು ಕೊನೆಯವರೆಗೂ ಜಿನಭಕ್ತನಾಗಿಯೇ ಉಳಿದನು. ತಲಕಾಡಿನ ವಿಜಯದ ನಂತರ ಅವನು ಅರಸನಲ್ಲಿ ಬೇಡಿದ್ದು ನಾಗಮಂಗಲ ಸೀಮೆಯ ಬಿಂಡಿಗನವಿಲೆಯನ್ನು. ಅದನ್ನು ತನಗಿಟ್ಟುಕೊಳ್ಳದೆ ಗುರು ಶುಭಚಂದ್ರ ಸಿದ್ಧಾಂತದೇವರಿಗೆ ದಾನಮಾಡಿದನೆಂದು 1118ರ ಕಂಬದಹಳ್ಳಿಯ ಶಾಸನವು ತಿಳಿಸುತ್ತದೆ. ಗಂಗರಾಜನ ಮಗ ಬೊಪ್ಪನು 1133ರಲ್ಲಿ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದಾಗ, ವಿಷ್ಣುವರ್ಧನನು ಪ್ರಸಾದವನ್ನು ಭಕ್ತಿಯಿಂದ ಸ್ವೀಕರಿಸಿ, ಸ್ವಾಮಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟು, ಜಾವಗಲ್ಲನ್ನು ದತ್ತಿಯಾಗಿ ಬಿಟ್ಟನು. ಜೈನರನ್ನು ಗಾಣಕ್ಕೆ ಹಾಕಿಸಿದ ಅರಸನು ಮಾಡುವ ಕಾರ್ಯವೇ ಇದು?

ಅರಮನೆಯ ಒಳಗಿನ ಚಿತ್ರ ಇನ್ನೂ ಬೋಧಪ್ರದವಾಗಿದೆ. ಪಟ್ಟಮಹಿಷಿ ಶಾಂತಲದೇವಿಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು, ಪತಿ ವೈಷ್ಣವ. ಬೇಲೂರಿನಲ್ಲಿ ಚೆನ್ನಿಗರಾಯನನ್ನು ಪ್ರತಿಷ್ಠೆ ಮಾಡಿಸಿದ ಶಾಂತಲೆಯೇ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥನನ್ನು ನಿಲ್ಲಿಸಿದಳು. ಮೂರು ಮತಗಳನ್ನು ಮನೆಯಲ್ಲೇ ಕಂಡವಳು ಒಂದರಲ್ಲಿ ದೃಢವಾಗಿ ನಿಂತಳು. ಬೇರೆ ದಾರಿಗಳನ್ನೇ ಅರಿಯದವನ ನಿಷ್ಠೆಗಿಂತ ಇಂತಹ ನಿಷ್ಠೆ ಎಷ್ಟು ಗಟ್ಟಿಯಾದುದು!

ಪ್ರಶ್ನೆಯಿಂದ ಶ್ರದ್ಧೆ ಕೆಡುವುದೆಂಬ ಭಯ ನಮ್ಮ ಆಚಾರ್ಯರಿಗಿರಲಿಲ್ಲ. ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಜಿನನನ್ನೇ ಪರೀಕ್ಷೆಗೆ ಒಡ್ಡಿದರು. ದೇವತೆಗಳ ಆಗಮನ, ಚಾಮರಾದಿ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ, ಅವುಗಳ ಬಲದಿಂದ ಮಾತ್ರ ಯಾರೂ ಪೂಜ್ಯರಾಗುವುದಿಲ್ಲವೆಂದು ವಾದಿಸಿದರು. ಸಮ್ಯಗ್ದರ್ಶನಕ್ಕೆ ದೇವಮೂಢತೆ, ಗುರುಮೂಢತೆ, ಲೋಕಮೂಢತೆಗಳು ಅಡ್ಡಿಯೆಂಬುದು ಪಾಠಶಾಲೆಯ ಮಕ್ಕಳಿಗೂ ತಿಳಿದಿದೆ. ಹಾಗಿರುವಾಗ “ಕೇಳಬೇಡ” ಎಂದು ಗದರುವ ಹಿರಿಯನು ಯಾವ ಧರ್ಮವನ್ನು ಕಲಿಸುತ್ತಿದ್ದಾನೆ?

ಪರೀಕ್ಷಿಸಿದ ಮಗು ನಮ್ಮ ದಾರಿಯನ್ನು ಬಿಟ್ಟರೆ ಏನು ಗತಿ? ಈ ಅಳುಕು ನನ್ನಲ್ಲೂ ಇದೆ. ಆದರೆ ಭಯದಿಂದ ಬಸದಿಗೆ ಬಂದವನು ಬಾಗಿಸುವುದು ತಲೆಯನ್ನಷ್ಟೇ. ಜೀವದ ಕರ್ಮವನ್ನು ಆ ಜೀವವೇ ಕಳೆಯಬೇಕೆಂದು ಸಾರುವ ಧರ್ಮದಲ್ಲಿ, ಅಜ್ಜನ ಶ್ರದ್ಧೆ ಮೊಮ್ಮಗನಿಗೆ ಆಸ್ತಿಯಂತೆ ಹಸ್ತಾಂತರವಾಗದು. ನಾವು ಕೊಡಬಹುದಾದದ್ದು ಸದಾಚಾರದ ಮಾದರಿ, ಗ್ರಂಥಗಳು ಮತ್ತು ಕೇಳುವ ಧೈರ್ಯ.

ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನದೊಂದು ವಿನಂತಿ. ಮಕ್ಕಳನ್ನು ಕಂಬದಹಳ್ಳಿಯ ಪಂಚಕೂಟ ಬಸದಿಗೆ ಕರೆದೊಯ್ಯಿರಿ, ಮೇಲುಕೋಟೆಯನ್ನೂ ತೋರಿಸಿರಿ. ಹೊಸಹೊಳಲಿನಲ್ಲಿ ಪಾರ್ಶ್ವನಾಥ ಬಸದಿಯ ಜೊತೆಗೆ ಲಕ್ಷ್ಮೀನಾರಾಯಣ ದೇಗುಲವನ್ನೂ, ಶ್ರೀರಂಗಪಟ್ಟಣದಲ್ಲಿ ಆದಿನಾಥ ಬಸದಿಯ ಜೊತೆಗೆ ರಂಗನಾಥನ ಗುಡಿಯನ್ನೂ ನೋಡಲಿ. ಪಾಠಶಾಲೆಯಲ್ಲಿ ಪ್ರಶ್ನೆಗಳಿಗೆಂದೇ ಅರ್ಧ ಗಂಟೆ ಮೀಸಲಿಡಿರಿ. ಉತ್ತರ ತಿಳಿಯದಿದ್ದರೆ “ತಿಳಿಯದು” ಎನ್ನಲು ನಾಚದಿರಿ.

ಮೊಮ್ಮಗನಿಗೆ, “ನಾನು ಹೇಳಿದ್ದಕ್ಕೆ ಆಧಾರವಿರಲಿಲ್ಲ” ಎಂದು ಒಪ್ಪಿಕೊಂಡೆ. ಅವನು ನಕ್ಕು, ಕಂಬದಹಳ್ಳಿಗೆ ಎಂದು ಹೋಗುವುದೆಂದು ಕೇಳಿದ.