ದಾವಣಗೆರೆಯ ವಾಹನ ಹೊಗೆ ಎಲ್ಲಿಗೆ ಹೋಗುತ್ತೆ? ಲೆಕ್ಕ ಹಾಕೋದು ಹೀಗೆ

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಸಿಗ್ನಲ್‌ಗೆ ನಿಂತಾಗ ನನ್ನ ಮೂಗು ಹೇಳೋದೇ ಬೇರೆ, ಫೋನಿನ ಆ್ಯಪ್ ತೋರಿಸೋ ಊರಿನ ಸರಾಸರಿಯೇ ಬೇರೆ. ಆ್ಯಪ್ ಸುಳ್ಳು ಹೇಳ್ತಿದೆ ಅಂತಲ್ಲ. ಮಾಪನ ಯಂತ್ರ ತಾನು ನಿಂತ ಜಾಗದ ಗಾಳಿಯನ್ನಷ್ಟೇ ಅಳೆಯುತ್ತೆ. ರಸ್ತೆಬದಿಯ ಅಂಗಡಿಯವರ, ಬಸ್ಸಿಗೆ ಕಾಯೋ ಮಕ್ಕಳ ಉಸಿರು ಅದಕ್ಕೆ ಗೊತ್ತಾಗಲ್ಲ. ಎಲ್ಲ ಕಡೆ ಯಂತ್ರ ಇಡೋಕೂ ಆಗಲ್ಲ. ಆ ಕೊರತೆ ತುಂಬಲು ಇರೋದೇ ಮಾಡೆಲ್.

ತಿರುಳು ಸರಳ. ರಸ್ತೆಯನ್ನು ಹೊಗೆ ಉಗುಳುವ ಒಂದು ಗೆರೆ ಅಂದುಕೊಳ್ಳಿ. ಉದಾಹರಣೆಗೆ, ಗಂಟೆಗೆ 2,000 ವಾಹನ, ಪ್ರತಿಯೊಂದೂ ಕಿಲೋಮೀಟರಿಗೆ 0.1 ಗ್ರಾಂ ಉಗುಳಿದರೆ, ಒಂದು ಕಿಲೋಮೀಟರ್ ರಸ್ತೆಯಿಂದ ಗಂಟೆಗೆ 200 ಗ್ರಾಂ. ಅದು ಗಾಳಿಯ ದಿಕ್ಕಿಗೆ ಸಾಗುತ್ತಾ ನಡುವೆ ದಟ್ಟವಾಗಿ, ಅಂಚಿನಲ್ಲಿ ತೆಳುವಾಗಿ ಹರಡುತ್ತೆ ಅನ್ನೋದು ಗಾಸಿಯನ್ ಸೂತ್ರ. ಹೊಗೆ ಇಮ್ಮಡಿಯಾದರೆ ಸಾಂದ್ರತೆಯೂ ಇಮ್ಮಡಿ. ಗಾಳಿಯ ವೇಗ ಅರ್ಧಕ್ಕಿಳಿದರೂ ಇಮ್ಮಡಿಯೇ. ಚಳಿಗಾಲದ ಬೆಳಿಗ್ಗೆ, ಗಾಳಿ ಮಂದವಾಗಿ ತಣ್ಣನೆಯ ಪದರ ನೆಲಕ್ಕೆ ಅಂಟಿಕೊಂಡಿರುವಾಗ, ಅಷ್ಟೇ ಗಾಡಿಗಳು ಹೆಚ್ಚು ಉಸಿರುಗಟ್ಟಿಸೋದು ಇದಕ್ಕೇ. ಕ್ಯಾಲಿಫೋರ್ನಿಯಾದ ಸಾರಿಗೆ ಇಲಾಖೆ 1980ರ ದಶಕದಲ್ಲಿ ರೂಪಿಸಿದ ಕ್ಯಾಲೈನ್-4 ಭಾರತದಲ್ಲೂ ಬಳಕೆಯಲ್ಲಿದೆ.

ಆದರೆ ಗಾಳಿ ಪೂರ್ತಿ ನಿಂತರೆ ಸೂತ್ರವೂ ಕೈಕೊಡುತ್ತೆ: ವೇಗದಿಂದ ಭಾಗಿಸಬೇಕಲ್ಲ, ಶೂನ್ಯದಿಂದ ಭಾಗಿಸೋದು ಹೇಗೆ? ಎರಡೂ ಬದಿ ಎತ್ತರದ ಕಟ್ಟಡಗಳಿರುವ ಇಕ್ಕಟ್ಟಿನ ಬೀದಿಯಲ್ಲಿ ಹೊಗೆ ಅಲ್ಲೇ ಸುತ್ತುತ್ತೆ. ಅದಕ್ಕೆ ಡೆನ್ಮಾರ್ಕಿನ ಓಎಸ್‌ಪಿಎಂ ಥರದ ಬೇರೆ ಮಾಡೆಲ್ ಬೇಕು. ಮಂಡಕ್ಕಿ ಭಟ್ಟಿಗಳ ಹೊಗೆ ಗಾಡಿಗಳ ಲೆಕ್ಕಕ್ಕೆ ಬರಲ್ಲ, ಹಿನ್ನೆಲೆ ಮಾಲಿನ್ಯವೆಂದು ಪ್ರತ್ಯೇಕವಾಗಿ ಕೂಡಿಸಬೇಕು. ನನ್ನ ಪ್ರಕಾರ ದೊಡ್ಡ ಎಡವಟ್ಟು ಆಗೋದು ಇನ್‌ಪುಟ್‌ನಲ್ಲಿ. ಸರಾಗವಾಗಿ ಓಡುವ ಟ್ರಾಫಿಕ್ಕಿನ ಅಂಕಿ ಹಾಕಿ, ರೈಲ್ವೆ ಗೇಟ್ ಬಿದ್ದಾಗ ಎಂಜಿನ್ ಆರಿಸದೆ ನಿಲ್ಲುವ ಸಾಲನ್ನು ಬಿಟ್ಟರೆ, ಬಣ್ಣಬಣ್ಣದ ನಕ್ಷೆ ಇಟ್ಕೊಂಡು ಏನು ಮಾಡೋದು?

ಇದರಲ್ಲಿ ರಾಜಕೀಯ ಏನಿದೆ ಅಂತೀರಾ? 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆ ದಾವಣಗೆರೆಯೂ ಇದೆ. ನಗರಗಳ ಸಾಧನೆ ಅಳೆಯೋದು ಪಿಎಂ10 ಅಂಕಿಯಿಂದ. ಅದರಲ್ಲಿ ಒರಟು ದೂಳಿನದು ದೊಡ್ಡ ಪಾಲು. ಸೈಲೆನ್ಸರಿನಿಂದ ಬರೋದು ಬಹುತೇಕ ಸೂಕ್ಷ್ಮ ಪಿಎಂ2.5 ಮತ್ತು ನೈಟ್ರೋಜನ್ ಆಕ್ಸೈಡ್‌ಗಳು. ರಸ್ತೆ ಗುಡಿಸಿ ನೀರು ಚಿಮುಕಿಸಿದ್ರೆ ಅಂಕಿ ಇಳಿಯುತ್ತೆ, ಡೀಸೆಲ್ ಹೊಗೆ ಹಾಗೇ ಇರುತ್ತೆ. ಪಿಎಂ2.5ಕ್ಕೆ ನಮ್ಮ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5.

ರಸ್ತೆ ಅಗಲೀಕರಣದ ಪರಿಸರ ವರದಿ ಕೈಗೆ ಸಿಕ್ಕರೆ ನಾನು ಮೊದಲು ಹುಡುಕೋದು ಇಷ್ಟು: ವಾಹನ ಎಣಿಸಿದ್ದು ಯಾವ ಹೊತ್ತಲ್ಲಿ, ಗಾಳಿಯ ಅಂಕಿ ಯಾವ ತಿಂಗಳದ್ದು, ನಿಂತ ಗಾಡಿಗಳ ಹೊಗೆ ಸೇರಿಸಿದ್ದಾರಾ?