ಕೊಳೆ ಬಟ್ಟೆ ಬುಟ್ಟಿಯಲ್ಲಿ ಬಚ್ಚಿಟ್ಟ ಬಿಸ್ಕತ್ತು

ಹೋದ ವರ್ಷ ಒಂದು ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಕಾಯ್ತಾ ನಿಂತಿದ್ದೆ. ದೂರದ ಸಂಬಂಧದ ಅಜ್ಜಿಯೊಬ್ಬರು ಹತ್ತಿರ ಬಂದು, ನನ್ನ ಹೊಟ್ಟೆ ಕಡೆ ಒಂದು ಸಲ ನೋಡಿ, ಪ್ರೀತಿಯಿಂದಲೇ ಕೇಳಿದರು: "ಏನಮ್ಮಾ, ವಿಶೇಷಾನಾ? ಎಷ್ಟು ತಿಂಗಳು?"

ನನ್ನ ಚಿಕ್ಕ ಮಗಳು ಒಂಬತ್ತನೇ ಕ್ಲಾಸು! "ಇಲ್ಲಾ ಅಜ್ಜಿ, ಇವತ್ತು ಹೋಳಿಗೆ ಊಟ, ಅದೇ ವಿಶೇಷ" ಅಂತ ನಕ್ಕುಬಿಟ್ಟೆ. ಅವತ್ತು ಎರಡನೇ ಹೋಳಿಗೆ ಹಾಕಿಸಿಕೊಳ್ಳಲಿಲ್ಲ. ಆದರೆ ಮನೆಗೆ ಬಂದ ಮೇಲೆ, ಎಲ್ಲರೂ ಮಲಗಿದ್ದಾಗ, ಅಕ್ಕಿ ಡಬ್ಬದ ಹಿಂದೆ ನಾನೇ ಬಚ್ಚಿಟ್ಟಿದ್ದ ಕೋಡುಬಳೆ ತೆಗೆದು ಅಡುಗೆಮನೆಯ ದೀಪ ಹಾಕದೆ ತಿಂದೆ. ಸದ್ದಾಗದಂತೆ ಕೋಡುಬಳೆ ತಿನ್ನೋದೂ ಒಂದು ವಿದ್ಯೆ, ಗೊತ್ತಿದ್ದವರಿಗೇ ಗೊತ್ತು :)

ಈ ವಿಷಯವನ್ನು ಯಾರಿಗೂ ಹೇಳಿರಲಿಲ್ಲ. ಈಗ ಬರೆಯೋಕೆ ಧೈರ್ಯ ಬಂದಿದ್ದು ಜೀನ್ ನೈಡಿಚ್ ಅನ್ನುವ ಹೆಂಗಸಿನ ಚರಿತ್ರೆ ಓದಿದ ಮೇಲೆ.

ಜೀನ್ ಹುಟ್ಟಿದ್ದು 1923ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದವರು, ಗಂಡ ಬಸ್ ಡ್ರೈವರ್, ಇಬ್ಬರು ಗಂಡುಮಕ್ಕಳು. ಕ್ವೀನ್ಸ್‌ನಲ್ಲಿ ಸಾಧಾರಣ ಸಂಸಾರ. 1961ರಲ್ಲಿ ಅವಳ ತೂಕ 214 ಪೌಂಡು, ಅಂದರೆ ಸುಮಾರು 97 ಕೆಜಿ. ಒಂದು ದಿನ ಸೂಪರ್ ಮಾರ್ಕೆಟ್ಟಿನಲ್ಲಿ ಪರಿಚಯದ ಹೆಂಗಸು ಎದುರಾಗಿ, ತುಂಬಾ ಚೆನ್ನಾಗಿ ಕಾಣ್ತೀಯ ಅಂತ ಹೊಗಳಿ, ಹೆರಿಗೆ ಯಾವಾಗ ಅಂತ ಕೇಳಿದಳಂತೆ! ಇದನ್ನು ಓದಿದಾಗ ನನಗೆ ನಗು, ಅಳು ಎರಡೂ ಬಂತು. ಅದು ನ್ಯೂಯಾರ್ಕು, ಇದು ನಮ್ಮ ಕಲ್ಯಾಣಮಂಟಪ. ಪ್ರಶ್ನೆ ಮಾತ್ರ ಒಂದೇ.

ಅಷ್ಟು ಹೊತ್ತಿಗೆ ಜೀನ್ ಮಾತ್ರೆ, ಹಿಪ್ನಾಟಿಸಂ, ಪೇಪರಿನಲ್ಲಿ ಬಂದ ಡಯಟ್ಟು ಎಲ್ಲಾ ಮಾಡಿ ಸೋತಿದ್ದಳು. ಇಳಿಯೋದು, ಮತ್ತೆ ಏರೋದು. ಕೊನೆಗೆ ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ ನಡೆಸುತ್ತಿದ್ದ ಬೊಜ್ಜಿನ ಕ್ಲಿನಿಕ್ಕಿಗೆ ಹೋದಳು. ಅಲ್ಲಿ ಕೊಡುತ್ತಿದ್ದ ಪಥ್ಯ ಡಾಕ್ಟರ್ ನಾರ್ಮನ್ ಜಾಲಿಫ್ ಎಂಬವರು ರೂಪಿಸಿದ್ದು. ಅದರಲ್ಲಿ ಜಾದೂ ಏನೂ ಇರಲಿಲ್ಲ. ಮೀನು, ತರಕಾರಿ, ಹಣ್ಣು, ಕೆನೆ ತೆಗೆದ ಹಾಲು, ಲೆಕ್ಕದ ಬ್ರೆಡ್ಡು. ಸಿಹಿ ಬೇಡ, ಊಟ ಬಿಡಬೇಡ. ಅಷ್ಟೇ. ಹತ್ತು ವಾರದಲ್ಲಿ ಅವಳು 20 ಪೌಂಡು ಇಳಿದಳು.

ಇಲ್ಲಿಗೆ ಕಥೆ ಸುಖಾಂತ ಆಗಬೇಕಿತ್ತು ಅಲ್ವಾ? ಆದರೆ ಅವಳ ಉತ್ಸಾಹ ಕರಗೋಕೆ ಶುರುವಾಯ್ತು. ಅವಳೊಬ್ಬಳದೇ ಅಲ್ಲ. 1959ರಲ್ಲಿ ಆಲ್ಬರ್ಟ್ ಸ್ಟಂಕಾರ್ಡ್ ಮತ್ತು ಮೇವಿಸ್ ಮೆಕ್ಲಾರೆನ್-ಹ್ಯೂಮ್ ಪ್ರಕಟಿಸಿದ ಒಂದು ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧ. ಅದೇ ನ್ಯೂಯಾರ್ಕಿನ ಒಂದು ಆಸ್ಪತ್ರೆಯ ಆಹಾರ ಕ್ಲಿನಿಕ್ಕಿಗೆ ಬಂದ ನೂರು ಜನರನ್ನು ಅವರು ಗಮನಿಸಿದ್ದರು. 20 ಪೌಂಡು ಇಳಿಸಿದವರು 12 ಜನ. ಎರಡು ವರ್ಷದ ನಂತರವೂ ಅದನ್ನು ಉಳಿಸಿಕೊಂಡಿದ್ದವರು ಇಬ್ಬರೇ ಇಬ್ಬರು! ಕೈಗೆ ಪಥ್ಯದ ಚೀಟಿ ಕೊಟ್ಟು ಕಳಿಸಿದರೆ ಆಗುವುದು ಇಷ್ಟೇ. ನನ್ನ ಫ್ರಿಜ್ಜಿನ ಮೇಲೂ ಇಂಥ ಚೀಟಿ ಎಷ್ಟು ಅಂಟಿಸಿದ್ದೆನೋ! ಅಂಟು ಒಣಗುವ ಮೊದಲೇ ನನ್ನ ಛಲ ಒಣಗಿರುತ್ತಿತ್ತು.

ಜೀನ್‌ಗೆ ಒಂದು ಗುಟ್ಟಿತ್ತು. ಚಾಕೊಲೇಟ್ ಮೆತ್ತಿದ ಬಿಸ್ಕತ್ತು ಅಂದರೆ ಅವಳಿಗೆ ಪ್ರಾಣ. ಅದನ್ನು ಬಚ್ಚಲಮನೆಯಲ್ಲಿ, ಕೊಳೆ ಬಟ್ಟೆ ಹಾಕುವ ಬುಟ್ಟಿಯಲ್ಲಿ ಬಚ್ಚಿಟ್ಟು ಕದ್ದು ತಿನ್ನುತ್ತಿದ್ದಳು. ಕ್ಲಿನಿಕ್ಕಿನಲ್ಲಿ ಇದನ್ನು ಬಾಯಿಬಿಡೋಕೆ ಆಗಲಿಲ್ಲ. ನನಗೆ ಅದು ಚೆನ್ನಾಗಿ ಅರ್ಥ ಆಗುತ್ತೆ. ತೂಕ ನೋಡಿ ಹುಬ್ಬೇರಿಸುವವರ ಮುಂದೆ ನಾವು ಯಾವಾಗಲೂ "ಏನೂ ತಿನ್ನಲ್ಲ ಡಾಕ್ಟ್ರೇ, ಗಾಳಿ ಕುಡಿದರೂ ದಪ್ಪ ಆಗ್ತೀನಿ" ಅನ್ನೋರೇ ತಾನೆ?

ಅವಳು ಮಾಡಿದ್ದು ಇಷ್ಟು. ತನ್ನ ಹಾಗೇ ದಪ್ಪಗಿದ್ದ ಆರು ಜನ ಗೆಳತಿಯರನ್ನು ಮನೆಗೆ ಕರೆದು, ಬಿಸ್ಕತ್ತಿನ ಗುಟ್ಟನ್ನು ಹೇಳಿಬಿಟ್ಟಳು. ಯಾರೂ ಬೈಯಲಿಲ್ಲ. ಬದಲಿಗೆ ಒಬ್ಬೊಬ್ಬರೇ ತಮ್ಮ ತಮ್ಮ ಗುಟ್ಟು ಬಿಚ್ಚಿದರು. ಮತ್ತೆ ಸೇರೋಣ ಅಂತಾಯ್ತು. ವಾರ ವಾರ ಸೇರುತ್ತಾ ಎರಡು ತಿಂಗಳಲ್ಲಿ ಆರು ಜನ ನಲವತ್ತಾದರು. 1962ರ ಅಕ್ಟೋಬರಿನಲ್ಲಿ ಜೀನ್ 142 ಪೌಂಡಿಗೆ, ಅಂದರೆ ಸುಮಾರು 64 ಕೆಜಿಗೆ ಬಂದಳು. ಗಮನಿಸಿ, ಪಥ್ಯ ಅದೇ ಕ್ಲಿನಿಕ್ಕಿನದು. ಬದಲಾಗಿದ್ದು ಕೇಳುವ ಕಿವಿಗಳು ಮಾತ್ರ.

ಈ ದಾರಿ ಹಿಡಿದವರಲ್ಲಿ ಜೀನ್ ಮೊದಲನೆಯವಳಲ್ಲ. 1918ರಲ್ಲಿ ಲುಲು ಹಂಟ್ ಪೀಟರ್ಸ್ ಅನ್ನುವ ಅಮೆರಿಕದ ಡಾಕ್ಟರಮ್ಮ ಕ್ಯಾಲೊರಿ ಲೆಕ್ಕವನ್ನು ಮನೆಮನೆಗೂ ಮುಟ್ಟಿಸಿದ ಪುಸ್ತಕ ಬರೆದರು. ಆಕೆಯೂ ಒಂದು ಕಾಲಕ್ಕೆ 220 ಪೌಂಡಿದ್ದವರೇ. ಹೆಂಗಸರು ಗುಂಪು ಕಟ್ಟಿಕೊಂಡು ವಾರಕ್ಕೊಮ್ಮೆ ತೂಕ ನೋಡಿಕೊಳ್ಳಿ ಅಂತ ಆಗಲೇ ಹೇಳಿದ್ದರು. 1948ರಲ್ಲಿ ಮಿಲ್ವಾಕಿಯ ಗೃಹಿಣಿ ಎಸ್ತರ್ ಮಾಂಜ್ ಗೆಳತಿಯರ ಜೊತೆ ಸೇರಿ 'ಟಾಪ್ಸ್' ಅನ್ನುವ ಸಂಘ ಕಟ್ಟಿದರು. ಬಸುರಿಯಾಗಿದ್ದಾಗ ಹೋಗುತ್ತಿದ್ದ ತಾಯಂದಿರ ತರಗತಿ ಆಕೆಗೆ ಪ್ರೇರಣೆ. ಹೆರಿಗೆಗೆ ಒಬ್ಬರಿಗೊಬ್ಬರು ಧೈರ್ಯ ಹೇಳಬಹುದಾದರೆ ತೂಕ ಇಳಿಸೋಕೆ ಯಾಕಾಗಬಾರದು ಅನ್ನೋ ಸರಳ ಯೋಚನೆ. ನಮ್ಮಜ್ಜಿಯ ಕಾಲದಲ್ಲಿ ಹಪ್ಪಳ ಒತ್ತೋಕೆ ಕೂಡ ಯಾರೂ ಒಬ್ಬರೇ ಕೂರುತ್ತಿರಲಿಲ್ಲ. ಬೇಜಾರಿನ ಕೆಲಸ, ದಿನಗಟ್ಟಲೆ ಹಿಡಿಯುವ ಕೆಲಸ ಗುಂಪಿನಲ್ಲೇ ಸಾಗೋದು ಅಂತ ಅವರಿಗೆ ಗೊತ್ತಿತ್ತು.

1963ರ ಮೇನಲ್ಲಿ ಜೀನ್, ಆಲ್ ಮತ್ತು ಫೆಲೀಸ್ ಲಿಪ್ಪರ್ಟ್ ದಂಪತಿಗಳ ಜೊತೆ 'ವೇಟ್ ವಾಚರ್ಸ್' ಕಂಪನಿ ಶುರು ಮಾಡಿದಳು. ಮೊದಲ ಬಹಿರಂಗ ಸಭೆಗೆ 50 ಕುರ್ಚಿ ಹಾಕಿದ್ದರಂತೆ, ಬಂದವರು 400 ಜನ! ತರಗತಿ ನಡೆಸುವವರಿಗೆ ಒಂದೇ ಅರ್ಹತೆ: ತಾವೇ ತೂಕ ಇಳಿಸಿರಬೇಕು. 1973ರಲ್ಲಿ ಹತ್ತನೇ ವರ್ಷದ ಸಮಾರಂಭಕ್ಕೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ತುಂಬಿತು. 1978ರಲ್ಲಿ ಹೈಂಜ್ ಕಂಪನಿ ಸುಮಾರು 7 ಕೋಟಿ 10 ಲಕ್ಷ ಡಾಲರಿಗೆ ಅದನ್ನು ಕೊಂಡಿತು. ಕೆಚಪ್ ಮಾರುವವರ ಕೈಗೆ ಪಥ್ಯದ ಕಂಪನಿ!

ಇಲ್ಲಿ ನನಗೆ ಸ್ವಲ್ಪ ಕಸಿವಿಸಿ. ಗೆಳತಿಯರ ಹಾಲಿನಲ್ಲಿ ಪುಕ್ಕಟೆ ಸಿಗುತ್ತಿದ್ದ ಮಾತಿಗೆ ಫೀಸು ಬಂತು. ಇಳಿದವರು ಮತ್ತೆ ಏರಿದರೆ ಮತ್ತೆ ದುಡ್ಡು ಕಟ್ಟಿ ಬರುತ್ತಿದ್ದರು, ಅದೂ ವ್ಯಾಪಾರವೇ. 2018ರಲ್ಲಿ ಕಂಪನಿ ತನ್ನ ಹೆಸರನ್ನು ಬರೀ ಎರಡು ಅಕ್ಷರಕ್ಕೆ ಇಳಿಸಿಕೊಂಡಿತು. ಹಸಿವು ತಗ್ಗಿಸುವ ಹೊಸ ಇಂಜೆಕ್ಷನ್‌ಗಳು ಬಂದ ಮೇಲೆ 2025ರ ಮೇನಲ್ಲಿ ಸಾಲದ ಹೊರೆಯಿಂದ ಕೋರ್ಟಿನಲ್ಲಿ ದಿವಾಳಿ ರಕ್ಷಣೆ ಕೇಳಿತು. ಅದನ್ನು ನೋಡೋಕೆ ಜೀನ್ ಇರಲಿಲ್ಲ. 2015ರಲ್ಲಿ, 91ನೇ ವಯಸ್ಸಿಗೆ, ಫ್ಲಾರಿಡಾದಲ್ಲಿ ತೀರಿಕೊಂಡಿದ್ದಳು.

ಕಂಪನಿ ಏನಾದರೂ ಆಗಲಿ, ಅವಳು ಕಂಡುಕೊಂಡ ವಿಷಯ ಸುಳ್ಳಾಗಿಲ್ಲ. 2005ರಲ್ಲಿ ಬಾಸ್ಟನ್ನಿನಲ್ಲಿ 160 ಜನರಿಗೆ ನಾಲ್ಕು ಬೇರೆ ಬೇರೆ ಡಯಟ್ಟು ಕೊಟ್ಟು ಒಂದು ವರ್ಷ ನೋಡಿದ ಫಲಿತಾಂಶ ಪ್ರಕಟವಾಯ್ತು. ಯಾವ ಡಯಟ್ಟು ಅನ್ನೋದಕ್ಕಿಂತ ಎಷ್ಟು ನಿಷ್ಠೆಯಿಂದ ಮಾಡಿದರು ಅನ್ನೋದೇ ಮುಖ್ಯವಾಗಿತ್ತು. ಅಮೆರಿಕದಲ್ಲಿ 1994ರಲ್ಲಿ ಶುರುವಾದ ಒಂದು ನೋಂದಣಿಯಲ್ಲಿ, 30 ಪೌಂಡು ಇಳಿಸಿ ಕನಿಷ್ಠ ಒಂದು ವರ್ಷ ಉಳಿಸಿಕೊಂಡವರ ವಿವರ ಇದೆ. ಅವರಲ್ಲಿ ಹೆಚ್ಚಿನವರು ಹೆಂಗಸರೇ. ಬಹಳಷ್ಟು ಜನ ವಾರಕ್ಕೊಮ್ಮೆಯಾದರೂ ತೂಕ ನೋಡುತ್ತಾರೆ, ಬೆಳಗಿನ ತಿಂಡಿ ಬಿಡಲ್ಲ, ನಡೆಯುತ್ತಾರೆ. ಎರಡು ವರ್ಷ ದಾಟಿಸಿದರೆ ಆಮೇಲೆ ಉಳಿಸಿಕೊಳ್ಳೋದು ಸುಲಭ ಆಗುತ್ತೆ ಅಂತಲೂ ಅದರಿಂದ ತಿಳಿದುಬಂತು.

ಹಾಗಾದರೆ ನನ್ನ ಕಥೆ? ಇದನ್ನೆಲ್ಲ ಓದಿದ ವಾರವೇ ಪಕ್ಕದ ಮನೆ ಅಕ್ಕನಿಗೂ ಎದುರು ಮನೆಯವರಿಗೂ ಕೋಡುಬಳೆ ವಿಷಯ ಹೇಳಿದೆ. ಅಕ್ಕ ನಗಲಿಲ್ಲ. "ನಂದು ಪೂಜೆ ಸಾಮಾನಿನ ಕಪಾಟಲ್ಲಿ ಕಲ್ಲುಸಕ್ಕರೆ ಕಣೇ" ಅಂದರು! ಎದುರು ಮನೆಯವರದು ಮಕ್ಕಳ ತಟ್ಟೆಯಲ್ಲಿ ಮಿಕ್ಕಿದ್ದು. "ಅನ್ನ ಚೆಲ್ಲಬಾರದು ಅಂತ ತಿಂತೀನಿ ಕಣ್ರೀ, ಎರಡನೇ ಊಟ ಅಂತ ಲೆಕ್ಕಾನೇ ಇರಲ್ಲ" ಅಂದರು. ಇದು ನಮ್ಮ ಮನೆಗಳ ಹೆಂಗಸರ ಸ್ಪೆಷಲ್ ಕಷ್ಟ ಅನ್ಸುತ್ತೆ. ಎಲ್ಲರಿಗೂ ಬಡಿಸಿ ಕೊನೆಗೆ ಕೂರೋರು ನಾವು, ಪಾತ್ರೆ ಖಾಲಿ ಮಾಡೋ ಜವಾಬ್ದಾರಿಯೂ ನಮ್ಮದೇ.

ಈಗ ಭಾನುವಾರ ಬೆಳಿಗ್ಗೆ ಮೂವರೂ ಅಕ್ಕನ ಮನೇಲಿ ತೂಕ ನೋಡ್ತೀವಿ. ಹನ್ನೊಂದು ತಿಂಗಳಲ್ಲಿ ನಾನು 84ರಿಂದ 78ಕ್ಕೆ ಬಂದಿದ್ದೀನಿ. ನಡುವೆ ದೀಪಾವಳಿಗೆ ಎರಡು ಕೆಜಿ ಏರಿ, ಎರಡು ಭಾನುವಾರ ಹೊಟ್ಟೆನೋವು ಅಂತ ಸುಳ್ಳು ಹೇಳಿ ತಪ್ಪಿಸಿಕೊಂಡೆ. ಮೂರನೇ ಭಾನುವಾರ ಅಕ್ಕ ತೂಕದ ಮಷೀನನ್ನೇ ಕಂಕುಳಲ್ಲಿ ಇಟ್ಟುಕೊಂಡು ನಮ್ಮನೆ ಬಾಗಿಲಿಗೆ ಬಂದರು. "ಏರಿದ್ರೆ ಏರ್ಲಿ, ನೋಡಿ ಕಾಫಿ ಕುಡಿಯೋಣ ಬಾ" ಅಂದರು.

ಛಲ ಅನ್ನೋದು ನನ್ನೊಳಗೆ ಇಲ್ಲವಲ್ಲ ಅಂತ ಇಪ್ಪತ್ತು ವರ್ಷ ನನ್ನನ್ನೇ ಬೈದುಕೊಂಡಿದ್ದೆ. ಅವತ್ತು ಅದು ಕಂಕುಳಲ್ಲಿ ಮಷೀನ್ ಹಿಡಿದು ಬಾಗಿಲಲ್ಲಿ ನಿಂತಿತ್ತು. ಎರಡು ವರ್ಷ ಆಗೋಕೆ ಇನ್ನೂ ಹದಿಮೂರು ತಿಂಗಳಿದೆ. ದಾಟಿಸ್ತೀನಾ? ಗೊತ್ತಿಲ್ಲ. ಆದರೆ ಅಕ್ಕಿ ಡಬ್ಬದ ಹಿಂದೆ ಈಗ ಬರೀ ಗೋಡೆ ಇದೆ.

ನಿಮ್ಮ ಡಬ್ಬ ಎಲ್ಲಿದೆ? ಇಲ್ಲಿ ಹೇಳದಿದ್ದರೂ ಪರವಾಗಿಲ್ಲ, ಪಕ್ಕದ ಮನೆಯವರಿಗಾದರೂ ಹೇಳಿ :)