ತಲೆವಸ್ತ್ರ ಮತ್ತು ಶಾಲಾ ಸಮವಸ್ತ್ರ: ಆಚಾರದ ಚರಿತ್ರೆಯ ನೆಲೆಯಲ್ಲಿ ಒಂದು ವಿವೇಚನೆ

2021ರ ಡಿಸೆಂಬರಿನಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಆರಂಭವಾಗಿ ಇಡೀ ರಾಜ್ಯವನ್ನು ವ್ಯಾಪಿಸಿದ ಹಿಜಾಬ್ ವಿವಾದವನ್ನು ಕಾನೂನು ಮತ್ತು ರಾಜಕಾರಣದ ನೆಲೆಯಲ್ಲಿ ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಆಚಾರದ ಚರಿತ್ರೆಯ ದೃಷ್ಟಿಯಿಂದ ಅದನ್ನು ನೋಡಿದ ಬರಹಗಳು ವಿರಳ. ಶಾಲೆಯ ಸಮವಸ್ತ್ರದ ನಿಯಮವು ಧಾರ್ಮಿಕ ತಲೆವಸ್ತ್ರವನ್ನು ನಿರ್ಬಂಧಿಸಬೇಕೆ ಎಂಬ ಪ್ರಶ್ನೆಯನ್ನು, ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯನ್ನೊಳಗೊಂಡ ಚಿತ್ರದುರ್ಗದ ಬಯಲುಸೀಮೆಯ ಜನಪದ ರೂಢಿಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ತಲೆಯ ಬಟ್ಟೆ ಮತ್ತು ಮರ್ಯಾದೆ

ಈ ಸೀಮೆಯಲ್ಲಿ ತಲೆಯ ಹೊದಿಕೆ ಒಂದೇ ಮತಕ್ಕೆ ಸೇರಿದ್ದಲ್ಲ. ಕುರಿ ಕಾಯುವವರ ಕಂಬಳಿಕೊಪ್ಪೆ ಮಳೆ ಗಾಳಿಗೆ ಒದಗುವಂಥದು. ಗೌಡರ ರುಮಾಲು, ಸಾಮಾನ್ಯರ ಮುಂಡಾಸು, ಮದುಮಗನ ಪೇಟ ಇವು ಸ್ಥಾನಮಾನವನ್ನು ಹೇಳುವಂಥವು. ಹಿರಿಯರ ಎದುರು, ದೇವರ ಎದುರು ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಳ್ಳುವ ರೂಢಿ ಹಲವು ಜಾತಿಗಳಲ್ಲಿ ಕಂಡುಬರುತ್ತದೆ. ಹಳ್ಳಿಗಾಡಿನ ಹಿರಿಯ ಮುಸ್ಲಿಂ ಹೆಂಗಸರಲ್ಲಿ ಅನೇಕರಿಗೆ ಸೀರೆಯ ಸೆರಗೇ ತಲೆವಸ್ತ್ರವಾಗಿತ್ತು. ಅವರ ನೆರೆಯ ಒಕ್ಕಲಿನ ಹೆಂಗಸರ ಸೆರಗಿಗೂ ಅದಕ್ಕೂ ನೋಟಕ್ಕೆ ವ್ಯತ್ಯಾಸ ಕಡಿಮೆ.

ಇದೇ ಬಟ್ಟೆ ಅವಮಾನವನ್ನೂ ಸೂಚಿಸಬಲ್ಲದು. 'ತಲೆ ಮೇಲೆ ಬಟ್ಟೆ ಹಾಕಿಕೊಂಡ' ಎಂದರೆ ಕೆಟ್ಟು ಹೋದ ಎಂದರ್ಥ. ತಲೆ ಬೋಳಿಸಿದ ವಿಧವೆಯರಿಗೆ ಕೆಂಪು ಸೀರೆಯ ಮುಸುಕು ಹೊದಿಸಿದ್ದು ಕೆಲವು ಜಾತಿಗಳ ಕಠೋರ ಕಟ್ಟಳೆ. ಆದಕಾರಣ ತಲೆವಸ್ತ್ರವನ್ನು ಕೇವಲ ಸಂಸ್ಕೃತಿಯ ಸೊಬಗೆಂದು ಕೊಂಡಾಡುವುದೂ ಸರಿಯಲ್ಲ, ಕೇವಲ ದಾಸ್ಯವೆಂದು ತಳ್ಳಿಹಾಕುವುದೂ ಸರಿಯಲ್ಲ. ಅದನ್ನು ಯಾರು ಹೊದಿಸಿದರು, ಯಾರು ತೆಗೆಸಿದರು, ಹೊದ್ದವರ ಇಚ್ಛೆ ಏನಿತ್ತು ಎಂಬುದರ ಮೇಲೆ ಅದರ ಅರ್ಥ ನಿಂತಿದೆ.

ಸಮವಸ್ತ್ರದ ಉದ್ದೇಶ

ಸಮವಸ್ತ್ರದ ಪರವಾದ ವಾದ ಹಗುರವಾದುದಲ್ಲ. ಉಳ್ಳವರ ಮಗು ಮತ್ತು ಕೂಲಿಯವರ ಮಗು ಒಂದೇ ಬಣ್ಣದ ಬಟ್ಟೆಯಲ್ಲಿ ಒಂದೇ ಸಾಲಿನಲ್ಲಿ ಕೂರುವುದು, ಪಂಕ್ತಿಭೇದವನ್ನು ಕಂಡ ಸಮಾಜದಲ್ಲಿ, ದೊಡ್ಡ ಸಂಗತಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತ ಸಮವಸ್ತ್ರ ನೀಡುವುದರ ಹಿಂದೆಯೂ ಈ ಆಶಯವಿದೆ. ಆದರೆ ನಿಯಮ ಜಾರಿಯಾಗುವ ರೀತಿಗೂ ಒಂದು ಮರ್ಯಾದೆ ಇದೆ. ರಾಜ್ಯದ 1995ರ ಶಿಕ್ಷಣ ಸಂಸ್ಥೆಗಳ ನಿಯಮಗಳಲ್ಲಿ 11ನೆಯದು, ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು ಐದು ವರ್ಷ ಬದಲಿಸಬಾರದೆಂದೂ, ಬದಲಿಸುವುದಾದರೆ ಪೋಷಕರಿಗೆ ಕನಿಷ್ಠ ಒಂದು ವರ್ಷ ಮುಂಚೆ ತಿಳಿಸಬೇಕೆಂದೂ ಹೇಳುತ್ತದೆ. ಬಟ್ಟೆಯ ಬದಲಾವಣೆ ಬಡ ಮನೆಗೆ ಹೊರೆಯಾಗುತ್ತದೆಂಬ ತಿಳಿವಳಿಕೆ ಈ ನಿಯಮದಲ್ಲಿ ಅಡಗಿದೆ.

ಈ ಸಂಯಮ 2022ರಲ್ಲಿ ಕಾಣಲಿಲ್ಲ. 1983ರ ಶಿಕ್ಷಣ ಅಧಿನಿಯಮದ 133(2)ನೆಯ ಕಲಮಿನ ಅಡಿಯಲ್ಲಿ ಫೆಬ್ರವರಿ 5ರಂದು ಸರ್ಕಾರಿ ಆದೇಶ ಹೊರಟಾಗ ಶೈಕ್ಷಣಿಕ ವರ್ಷ ಮುಗಿಯುತ್ತ ಬಂದಿತ್ತು, ಪರೀಕ್ಷೆಗಳು ಸಮೀಪಿಸಿದ್ದವು. ಹಿಜಾಬಿಗೆ ಪ್ರತಿಯಾಗಿ ಕೇಸರಿ ಶಾಲುಗಳು ಬಂದವು. ಫೆಬ್ರವರಿ 9ರಿಂದ ಮೂರು ದಿನ ಪ್ರೌಢಶಾಲೆ, ಕಾಲೇಜುಗಳನ್ನು ಮುಚ್ಚಬೇಕಾಯಿತು. ಅಭಿವೃದ್ಧಿ ಸಮಿತಿಗಳು ಸಮವಸ್ತ್ರ ಗೊತ್ತುಪಡಿಸಿದ್ದ ಸಂಸ್ಥೆಗಳ ತರಗತಿಗಳಲ್ಲಿ ಎರಡನ್ನೂ ಉಚ್ಚ ನ್ಯಾಯಾಲಯ ಫೆಬ್ರವರಿ 10ರ ಮಧ್ಯಂತರ ಆದೇಶದಲ್ಲಿ ತಡೆಯಿತು.

ಶಾಸ್ತ್ರ ಮತ್ತು ರೂಢಿ

2022ರ ಮಾರ್ಚ್ 15ರಂದು ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ, ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಜೆ.ಎಂ. ಖಾಜಿ ಅವರ ಪೂರ್ಣಪೀಠ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲವೆಂದು ತೀರ್ಪಿತ್ತು ಸರ್ಕಾರಿ ಆದೇಶವನ್ನು ಎತ್ತಿಹಿಡಿಯಿತು. 'ಅತ್ಯಗತ್ಯ ಆಚರಣೆ' ಎಂಬ ಈ ಮಾನದಂಡದ ಮೂಲ 1954ರ ಶಿರೂರು ಮಠದ ಮೊಕದ್ದಮೆಯಲ್ಲಿದೆ ಎಂಬುದು ಗಮನಾರ್ಹ. ಉಡುಪಿಯ ಒಂದು ಮಠದ ಸ್ವಾಯತ್ತತೆಯ ಪ್ರಶ್ನೆಯಿಂದ ಹುಟ್ಟಿದ ಅಳತೆಗೋಲು ಸುಮಾರು ಏಳು ದಶಕಗಳ ನಂತರ ಉಡುಪಿಯದೇ ವಿದ್ಯಾರ್ಥಿನಿಯರ ತಲೆವಸ್ತ್ರವನ್ನು ಅಳೆಯಿತು.

ಜಾನಪದ ಅಧ್ಯಯನದ ಆಕ್ಷೇಪ ಇಲ್ಲಿದೆ. ಸೆರಗಾಗಲಿ, ರುಮಾಲಾಗಲಿ ಶಾಸ್ತ್ರಗ್ರಂಥದಿಂದ ಬಂದದ್ದಲ್ಲ, ಮನೆಯಿಂದ ಬಂದದ್ದು. ಗ್ರಂಥಾಧಾರವಿಲ್ಲವೆಂದ ಮಾತ್ರಕ್ಕೆ ರೂಢಿ ಅಲ್ಪವೆಂದರೆ ಜನಪದರ ಬದುಕಿನ ಬಹುಪಾಲನ್ನು ಅಲ್ಪವೆನ್ನಬೇಕಾಗುತ್ತದೆ. ದಕ್ಷಿಣ ಆಫ್ರಿಕದ ಸಾಂವಿಧಾನಿಕ ನ್ಯಾಯಾಲಯ 2007ರಲ್ಲಿ ಡರ್ಬನ್ನಿನ ತಮಿಳು ಮೂಲದ ಹಿಂದೂ ವಿದ್ಯಾರ್ಥಿನಿಯೊಬ್ಬಳ ಮೂಗುಬೊಟ್ಟಿನ ಪ್ರಕರಣದಲ್ಲಿ, ಅದು ಕಡ್ಡಾಯವಲ್ಲದ, ಸ್ವಇಚ್ಛೆಯ ಆಚಾರವಾದರೂ ರಕ್ಷಣೆಗೆ ಅರ್ಹವೆಂದಿತು. ಫ್ರಾನ್ಸ್ ಬೇರೆ ಹಾದಿ ಹಿಡಿಯಿತು. ಅದರ 2004ರ ಶಾಸನ ಸರ್ಕಾರಿ ಶಾಲೆಗಳಲ್ಲಿ ಎದ್ದುಕಾಣುವ ಧಾರ್ಮಿಕ ಚಿಹ್ನೆಗಳನ್ನು ನಿಷೇಧಿಸಿದೆ. ಆದರೆ ಹಣೆಯ ವಿಭೂತಿ, ಕುಂಕುಮ, ಕೊರಳ ಲಿಂಗ, ತಾಯಿತಗಳನ್ನು ಸಹಜವೆಂದು ಕಾಣುವ ನಮ್ಮ ಶಾಲೆಗೆ ಆ ಮಾದರಿ ಹೊಂದುವುದಿಲ್ಲ. ಇಲ್ಲಿ ತಲೆವಸ್ತ್ರವೊಂದನ್ನೇ ಪ್ರತ್ಯೇಕಿಸಿದರೆ ಸಮತೆಯ ನಿಯಮವೇ ಭೇದದ ಗುರುತಾಗುತ್ತದೆ.

ಸರ್ವೋಚ್ಚ ನ್ಯಾಯಾಲಯದಲ್ಲಿ 2022ರ ಅಕ್ಟೋಬರ್ 13ರಂದು ಭಿನ್ನ ತೀರ್ಪು ಬಂದಿತು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಸಮವಸ್ತ್ರದ ಏಕರೂಪತೆಯನ್ನು ಸಮರ್ಥಿಸಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅತ್ಯಗತ್ಯ ಆಚರಣೆಯ ಚರ್ಚೆಯನ್ನೇ ಅನವಶ್ಯಕವೆಂದು ಭಾವಿಸಿ, ಮನೆಗೆಲಸ ಮುಗಿಸಿ ಶಾಲೆಗೆ ಬರುವ ಹಳ್ಳಿಯ ಹುಡುಗಿಯ ಓದನ್ನು ಮುಂದಿಟ್ಟರು. ಭಿನ್ನಾಭಿಪ್ರಾಯದ ಕಾರಣ ವಿಷಯವನ್ನು ಸೂಕ್ತ ಪೀಠದ ರಚನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲಾಯಿತು.

ಉಪಸಂಹಾರ

ಕುಟುಂಬದ ಒತ್ತಾಯದಿಂದ ತಲೆವಸ್ತ್ರ ಧರಿಸುವ ಹುಡುಗಿಯರೂ ಇರುತ್ತಾರೆ ಎಂಬ ಮಾತನ್ನು ಅಲ್ಲಗಳೆಯಲಾಗದು. ಅಂಥ ಹುಡುಗಿಗೆ ಆಸರೆ ಯಾವುದು? ಕನ್ನಡದ ಚರಿತ್ರೆಯಲ್ಲೇ ಉತ್ತರವಿದೆ. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ (1887–1982) ಮನೆಯಲ್ಲೇ ಓದಿ ಲೇಖಕಿಯೂ ಪ್ರಕಾಶಕಿಯೂ ಆದರು. ಕಟ್ಟಳೆ ಸಡಿಲಾದದ್ದು ಓದಿನಿಂದ. ಒತ್ತಾಯಕ್ಕೊಳಗಾದ ಹುಡುಗಿಯನ್ನು ಗೇಟಿನಿಂದ ಹಿಂದಕ್ಕೆ ಕಳಿಸಿದರೆ, ಒತ್ತಾಯಿಸಿದವರ ಮನೆಗೇ ಕಳಿಸಿದಂತಾಗುತ್ತದೆ.

ಶಾಲೆ ಬಟ್ಟೆಯ ಬಣ್ಣ, ಅಳತೆಗಳನ್ನು ಗೊತ್ತುಪಡಿಸಲಿ. ಮುಖ ಗುರುತಿಸಲು ಅಡ್ಡಿಯಾಗದಂತೆ, ಪ್ರಯೋಗಾಲಯದಲ್ಲಿ ಅಪಾಯವಾಗದಂತೆ ಷರತ್ತು ವಿಧಿಸಲಿ. ಸಮವಸ್ತ್ರದ ಬಣ್ಣದ್ದೇ ತಲೆವಸ್ತ್ರಕ್ಕೆ ಅದರೊಳಗೆ ಎಡೆ ಕೊಡುವುದು ಈ ನಾಡಿನ ರೂಢಿಗೆ ಒಪ್ಪುವ ದಾರಿ. ಹರಿಯಬ್ಬೆಯಂಥ ಊರಿನ ಹುಡುಗಿಗೆ ಹತ್ತಿರದಲ್ಲಿ ಇನ್ನೊಂದು ಕಾಲೇಜು ಹುಡುಕಿಕೊಳ್ಳುವ ಅನುಕೂಲ ಇರುವುದಿಲ್ಲ. ಅವಳು ಹತ್ತನೆಯ ತರಗತಿಯ ಆಚೆಗೂ ಓದಿದಳೇ ಎಂಬುದೇ ಸಮವಸ್ತ್ರದ ಯಾವುದೇ ನಿಯಮವನ್ನು ಒರೆಗೆ ಹಚ್ಚಬೇಕಾದ ಪ್ರಶ್ನೆ.